ಅಡ್ಡದಾರಿ ಹಿಡಿದ ಸೈಕಲ್ಲುಗಳು

ನಕ್ಷೆ ಬಿಡಿಸಿ ನೋಡಿದರೆ ಮುಂಬಯಿ ಪಕ್ಕದ ಡೊಂಬಿವಲಿಗೂ ನವಿ ಮುಂಬಯಿಯ ಮಹಾಪೆಗೂ ನಡುವೆ ಅಡ್ಡ ಮಲಗಿರುವುದು ಪಾರ್ಸಿಕ್ ಗುಡ್ಡದ ಸಾಲು ಒಂದೇ. ರೈಲಿನಲ್ಲಿ ಹೊರಟವನು ಮಾತ್ರ ಮೊದಲು ಥಾಣೆಗೆ ಹೋಗಬೇಕು. ಅಲ್ಲಿ ಪ್ಲ್ಯಾಟ್‌ಫಾರ್ಮ್ ಬದಲಿಸಿ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು, ಐರೋಲಿ, ರಬಾಳೆ ದಾಟಿ ಘಣಸೋಲಿಯಲ್ಲೋ ಕೋಪರ್‌ಖೈರಣೆಯಲ್ಲೋ ಇಳಿದು, ಮತ್ತೆ ರಿಕ್ಷಾದಲ್ಲಿ ಅದೇ ಗುಡ್ಡದ ಇನ್ನೊಂದು ಮಗ್ಗುಲಿಗೆ ಬರಬೇಕು. ಆ ಗಾಡಿಯಾದರೂ ಶುರುವಾದದ್ದು 2004ರಲ್ಲಿ. ಅದಕ್ಕೂ ಮೊದಲು ಥಾಣೆಯಿಂದ ಬಸ್ಸೇ ಗತಿ. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವ ಗಾದೆಯನ್ನು ಜಮಖಂಡಿಯಲ್ಲಿ ಹಿರಿಯರ ಬಾಯಲ್ಲಿ ಕೇಳುತ್ತ ಬೆಳೆದವನು ನಾನು. ಕೊಂಕಣದಲ್ಲೇ ಕೂತು ದಿನವೂ ಕೊಂಕಣ ಸುತ್ತಬೇಕಾದೀತೆಂದು ಆಗ ಎಣಿಸಿರಲಿಲ್ಲ.

ಇದು ಯಾರ ತಪ್ಪೂ ಅಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಥಾಣೆಯಲ್ಲಿ; ಮರುವರ್ಷ ಹಳಿ ಕಲ್ಯಾಣ್ ಮುಟ್ಟಿತು. ಅಂದಿನಿಂದ ಇಲ್ಲಿನ ಊರುಗಳೆಲ್ಲ ಹಳಿಯ ಉದ್ದಕ್ಕೇ ಬೆಳೆದವು. ಮುಂಬಯಿಗೆ ಹೋಗಿ ಬರುವುದೊಂದೇ ಮನುಷ್ಯನ ಕೆಲಸವೆಂಬ ಲೆಕ್ಕದಲ್ಲಿ ಎಲ್ಲವೂ ನಡೆಯಿತು. 1970ರಲ್ಲಿ ಹೊಸ ನಗರ ಕಟ್ಟುವ ಸರಕಾರಿ ಸಂಸ್ಥೆ ಸಿಡ್ಕೊ ಹುಟ್ಟಿ, ಖಾಡಿಯೆಂಬ ಕಡಲ ಹಿನ್ನೀರಿನಾಚೆ ನವಿ ಮುಂಬಯಿ ಎದ್ದು, ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಗಳಿಗೆ ಡೊಂಬಿವಲಿಯ ಜನ ಬೇಕಾದಾಗ, ಅಡ್ಡಕ್ಕೆ ಹೋಗುವವರ ಸಂತೆ ದೊಡ್ಡದಾಯಿತು. ಅವರಿಗೆ ಉಳಿದ ದಾರಿ ಕಾಟಯಿ ನಾಕಾ, ಶಿಳ್ ಫಾಟಾ, ಗುಡ್ಡದ ಏರು, ಮಹಾಪೆ. ಆ ದಾರಿಯಲ್ಲಿ ನಾನು ಸೈಕಲ್ ತುಳಿದೆ. ಒಂದಲ್ಲ, ಕಾಲಕಾಲಕ್ಕೆ ಬೇರೆ ಬೇರೆ ಸೈಕಲ್. ಹಾಗೆ ಕೂಡಿದವು ಕಟ್ಟಡದ ಜಿನೆಯ ಕೆಳಗೆ, ಬಾಲ್ಕನಿಯಲ್ಲಿ ನಿಂತವು; ಒಂದಂತೂ ಮಲಗುವ ಕೋಣೆಯ ಗೋಡೆಗೂ ಬಂದು ನಿಂತಿತು. ನೆಂಟರು ಇದನ್ನು ನನ್ನ ಹವ್ಯಾಸ ಎನ್ನುತ್ತಾರೆ, ಹೆಂಡತಿ ರೋಗ ಎನ್ನುತ್ತಾಳೆ. ನನಗೆ ಅದು ದಾರಿಗೆ ತಕ್ಕ ಕಾಲು ಹುಡುಕುವ ವ್ಯವಹಾರ. ಯಾವ ಕಾಲು ಕೊನೆತನಕ ನಡೆಯಿತು, ಯಾವುದು ನಡುದಾರಿಯಲ್ಲಿ ಕೂತಿತು ಎಂಬುದಕ್ಕೆ ನಾನು ಕಂಡುಕೊಂಡ ಕಾರಣ ಸೈಕಲ್ಲಿನ ಒಳಗಿರಲಿಲ್ಲ, ರಸ್ತೆಬದಿಯಲ್ಲಿತ್ತು.

ಮೊದಲನೆಯದು ಅಪ್ಪನ ಹರ್ಕ್ಯುಲಿಸ್. ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಸ್ಥಾಪನೆಯಾದ ಟಿ.ಐ. ಸೈಕಲ್ಸ್‌ನ ಮಾಲು. ಇಪ್ಪತ್ತೆಂಟು ಇಂಚಿನ ಚಕ್ರ, ಸರಳಿನ ಬ್ರೇಕು, ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಅಪ್ಪ ಕನ್ನಡ ಶಾಲೆಯ ಮಾಸ್ತರರು. ಹಳ್ಳಿಯಿಂದ ಹಳ್ಳಿಗೆ ವರ್ಗವಾದಾಗಲೆಲ್ಲ ಆ ಸೈಕಲ್ಲೂ ವರ್ಗವಾಗುತ್ತಿತ್ತು. ಹ್ಯಾಂಡಲ್ಲಿನ ಕೆಳಗೆ ಪುರಸಭೆಯ ಸೈಕಲ್ ತೆರಿಗೆಯ ಹಳೇ ಬಿಲ್ಲೆ ಕಾಲ ಮುಗಿದ ಮೇಲೂ ತೂಗುತ್ತಿತ್ತು. ನಮ್ಮ ವಿಜಯಪುರ–ಬಾಗಲಕೋಟೆಯ ಕಡೆ ಸೈಕಲ್ಲಿನ ಹುಚ್ಚು ಹೊಸದಲ್ಲ; ಜಾತ್ರೆಯಲ್ಲಿ ಸೈಕಲ್ ಓಟ ಇಡುವ ನಾಡು ಅದು, ಅಲ್ಲಿನ ಹುಡುಗರು ರಾಷ್ಟ್ರಮಟ್ಟದ ಪಂದ್ಯಗಳಿಗೆ ಹೋಗಿ ಪದಕ ತಂದವರು. ನಾನು ಓಟಗಾರನಲ್ಲ. ಸೀಟಿಗೆ ಕಾಲು ನಿಲುಕದ ವಯಸ್ಸಿನಲ್ಲಿ ಚೌಕಟ್ಟಿನ ಒಳಗಿನಿಂದ ಕಾಲು ತೂರಿಸಿ ಒಳಪೆಡಲು ಹೊಡೆದು, ಕರಿಮಣ್ಣಿನ ದಾರಿಯಲ್ಲಿ ಮೊಣಕಾಲು ಕೆತ್ತಿಸಿಕೊಂಡವನು ಅಷ್ಟೆ.

ಎಂಬತ್ತರ ದಶಕದಲ್ಲಿ ಮಹಾಪೆಯ ಕಡೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾನು ಡೊಂಬಿವಲಿಗೆ ಬಂದೆ. ಕಲ್ಯಾಣ್ ಮಹಾನಗರಪಾಲಿಕೆ 1983ರಲ್ಲಿ ಹುಟ್ಟಿ ಡೊಂಬಿವಲಿ ಅದರೊಳಗೆ ಸೇರಿದ ಹೊಸತು. ಕೆಲವು ತಿಂಗಳ ಮೇಲೆ ಅಪ್ಪನೇ ಆ ಸೈಕಲ್ ತೆಗೆದುಕೊಂಡು ಬಂದರು. ವಿಜಯಪುರದಿಂದ ಸೊಲ್ಲಾಪುರದವರೆಗೆ ಆಗ ಮೀಟರ್‌ಗೇಜ್. ಅಲ್ಲಿ ಇಳಿಸಿ, ಬ್ರಾಡ್‌ಗೇಜಿನ ಬ್ರೇಕ್‌ವ್ಯಾನಿಗೆ ಮತ್ತೆ ಬುಕ್ ಮಾಡಿ, ಗೋಣಿಚೀಲ ಸುತ್ತಿಕೊಂಡ ಸೈಕಲ್ಲಿನೊಂದಿಗೆ ಬೆಳಗಿನ ಜಾವ ಕಲ್ಯಾಣ್‌ನಲ್ಲಿ ಇಳಿದರು. ಗೋಣಿ ಬಿಚ್ಚಿದೊಡನೆ ನಾನು ಹತ್ತಲು ಹೋದೆ.

“ಲಗೂ ಹತ್ತಬ್ಯಾಡ ತಮ್ಮಾ. ಮೊದಲ ಕಾಟರ್ ನೋಡು.”

ಪೆಡಲಿನ ಕಾಲು ಅಚ್ಚಿಗೆ ಕೂಡುವಲ್ಲಿ ಬಡಿದು ಕೂರಿಸುವ ಬೆಣೆಯೇ ಕಾಟರ್ ಪಿನ್. ಅದು ಸ್ವಲ್ಪ ಸವೆದರೂ ಪ್ರತಿ ತುಳಿತಕ್ಕೆ ಟಕ್ ಎನ್ನುತ್ತದೆ. ತಾಪತ್ರಯದ ವಸ್ತು. ಆದರೆ ಕುಲುಮೆಯಿರುವ ಯಾವ ಊರಲ್ಲೂ ಒಂದು ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಬೇಕಾದ ಓರೆಗೆ ತಂದು ಕೂರಿಸಿಕೊಡುವವರಿದ್ದರು. ಅಪ್ಪ ಪ್ಲ್ಯಾಟ್‌ಫಾರ್ಮಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ಎರಡೂ ಕಡೆಯ ನಟ್ಟು ಬಿಗಿದ ಮೇಲೆ, ಪತ್ರಿಪೂಲ್ ದಾಟಿ ಡೊಂಬಿವಲಿಯ ತನಕ ಇಬ್ಬರೂ ಡಬಲ್ ರೈಡ್ ಬಂದೆವು. ಅವರು ಮುಂದೆ, ನಾನು ಕ್ಯಾರಿಯರ್ ಮೇಲೆ. ಮಗನ ಊರಿನ ರಸ್ತೆಯನ್ನು ತಾವೇ ತುಳಿದು ನೋಡಬೇಕೆಂದು ಅವರ ಹಟ.

ಪತ್ರಿಪೂಲ್ 1914ರ ಸೇತುವೆ. ಮುಪ್ಪಾಗಿ ಅಪಾಯವೆಂದು 2018ರ ನವೆಂಬರಿನಲ್ಲಿ ಅದನ್ನು ತೆಗೆದರು. ಹೊಸದು ಸಿದ್ಧವಾದದ್ದು 2021ರ ಜನವರಿಗೆ. ನಡುವಿನ ಎರಡು ವರ್ಷ ಪಕ್ಕದ ಒಂದೇ ಸೇತುವೆಯ ಮೇಲೆ ಊರೆಲ್ಲದರ ವಾಹನ ಕಟ್ಟಿಕೊಂಡು ನಿಂತಾಗ, ಕಾರಿನ ಕನ್ನಡಿಗಳ ಸಂದಿಯಲ್ಲಿ ನುಸುಳಿ ಮೊದಲು ಆಚೆ ಹೋಗುತ್ತಿದ್ದವರು ನಾವು, ಸೈಕಲ್ಲಿನವರು: ಹಾಲಿನವರು, ಬೆಳಗಿನ ಪಾವ್ ಮಾರುವವರು, ಕಟ್ಟಡ ಕೆಲಸದವರು, ಅವರ ನಡುವೆ ನಾನು.

ಹರ್ಕ್ಯುಲಿಸ್‌ನ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಪೆಡಲು ಒಂದು ಸುತ್ತು ಬಂದರೆ ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಸಪಾಟು ನೆಲಕ್ಕೆ ಇದಕ್ಕಿಂತ ಹದವಾದ ಲೆಕ್ಕ ಇಲ್ಲ. ನೆತ್ತಿಯ ಮೇಲೆ ಬಿಸಿಲು, ಹಿಂದೆ ಜೋಳದ ಚೀಲ ಇದ್ದರೂ ಉಸಿರು ಕಟ್ಟದೆ ತುಳಿಯಬಹುದು. ಶಿಳ್ ಫಾಟಾದಿಂದ ಮಹಾಪೆಯ ಕಡೆ ಗುಡ್ಡ ಏರುವಾಗ ಮಾತ್ರ ಆ ಐದೂವರೆ ಮೀಟರಿನ ಪ್ರತಿ ಗೇಣೂ ತೊಡೆಗೆ ಗೊತ್ತಾಗುತ್ತಿತ್ತು. ನ್ಹಾವಾ ಶೇವಾದ ಬಂದರು 1989ರಲ್ಲಿ ಶುರುವಾದ ಮೇಲೆ ಭಿವಂಡಿಯ ಗೋದಾಮುಗಳಿಗೆ ಹೋಗುವ ಕಂಟೇನರ್ ಲಾರಿಗಳೂ ಶಿಳ್ ಫಾಟಾಕ್ಕೇ ಬಂದು ಸೇರಿಕೊಂಡವು. ಏರಿನಲ್ಲಿ ಲಾರಿಗೂ ನನಗೂ ಹೆಚ್ಚು ಕಡಿಮೆ ಒಂದೇ ವೇಗ. ಇಳಿಜಾರಿನ ಕತೆ ಬೇರೆ. ಮಳೆಗಾಲದಲ್ಲಿ ಉಕ್ಕಿನ ರಿಮ್ಮು ಒದ್ದೆಯಾಯಿತೆಂದರೆ ಸರಳಿನ ಬ್ರೇಕು ಹೆಸರಿಗೆ ಮಾತ್ರ. ರಬ್ಬರು ನೀರಿನ ಮೇಲೆ ಜಾರುತ್ತದೆ, ಸೈಕಲ್ ತನ್ನ ಪಾಡಿಗೆ ಹೋಗುತ್ತದೆ. ಇಳಿಯುವ ಮೊದಲೇ ಬ್ರೇಕನ್ನು ಹಗುರವಾಗಿ ಹಿಡಿದು ರಿಮ್ಮಿನ ನೀರು ಒರೆಸುತ್ತ ಹೋಗಬೇಕೆಂದು ಕಲಿಸಿದವರು ನಮ್ಮ ಚಾಚಾ.

ಚಾಚಾ ಉತ್ತರ ಪ್ರದೇಶದ ಜೌನ್‌ಪುರದವರು. ಡೊಂಬಿವಲಿ ಪೂರ್ವದಲ್ಲಿ ಒಂದು ಅರಳಿಮರದ ಬುಡದಲ್ಲಿ ಅವರ ಅಂಗಡಿ: ತಗಡಿನ ಪೆಟ್ಟಿಗೆ, ನೀರಿನ ಬೋಗುಣಿ, ಕಾಲಿನಿಂದ ಒತ್ತುವ ಪಂಪು, ಕೊಂಬೆಗೆ ನೇತುಹಾಕಿದ ಹಳೇ ಟಯರು. ಟಯರೇ ಬೋರ್ಡು. ಈ ಊರಲ್ಲಿ ದಕ್ಷಿಣದವರೆಲ್ಲ ಅಣ್ಣಂದಿರೇ ಆದ್ದರಿಂದ ನಾನು ಅವರಿಗೆ ಅಣ್ಣಾ, ಅವರು ನನಗೆ ಚಾಚಾ. ನಾನು ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ಮಾಡುವವನು. ಮೈಕ್ರೊಮೀಟರ್ ಹಿಡಿದ ಕೈ. ಆದರೂ ಸೈಕಲ್ಲಿನ ಕೆಲಸ ಕಲಿತದ್ದು ಆ ಮರದ ಕೆಳಗೇ.

ಚಕ್ರದ ಬೆಂಡ್ ತೆಗೆಯಲು ಅವರಿಗೆ ಉಪಕರಣ ಬೇಕಿರಲಿಲ್ಲ. ಸೈಕಲ್ ತಲೆಕೆಳಗು ಮಾಡಿ, ಚಕ್ರ ತಿರುಗಿಸಿ, ಒಂದು ಸೀಮೆಸುಣ್ಣದ ತುಂಡನ್ನು ಅಲುಗದಂತೆ ರಿಮ್ಮಿನ ಹತ್ತಿರ ಹಿಡಿಯುವರು. ಎಲ್ಲಿ ಬಿಳಿ ಗೀರು ಬಿತ್ತೋ ಅಲ್ಲಿ ರಿಮ್ಮು ಈ ಕಡೆ ವಾಲಿದೆ ಎಂದರ್ಥ. ಆ ಜಾಗದಲ್ಲಿ ಆಚೆ ಬದಿಯ ಕಡ್ಡಿ ಕಾಲು ಸುತ್ತು ಬಿಗಿ, ಈಚೆ ಬದಿಯದು ಕಾಲು ಸುತ್ತು ಸಡಿಲ. ಒಂದೇ ಕಡ್ಡಿಯನ್ನು ಪೂರ್ತಿ ಬಿಗಿದು ಕೆಲಸ ಮುಗಿಸಲು ಹೊರಟರೆ ನಾಳೆ ಅದೇ ತುಂಡಾಗುತ್ತದೆ. ಎಡ ಪೆಡಲಿನ ತಿರುಪಿನ ಮರೆ ಉಲ್ಟಾ, ಅಚ್ಚಿನ ಬಲಗಡೆಯ ಬಟ್ಟಲಿನ ಮರೆಯೂ ಉಲ್ಟಾ. ಗೊತ್ತಿಲ್ಲದವನು ಬಿಚ್ಚುತ್ತೇನೆಂದುಕೊಂಡು ಬಿಗಿಯುತ್ತಾನೆ. ಚೈನು ಹಳತಾಯಿತೋ ಇಲ್ಲವೋ ತಿಳಿಯಲು ಅಡಿಪಟ್ಟಿ ಸಾಕು. ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು; ಅದು ಹನ್ನೆರಡನ್ನು ದಾಟಿ ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಯಿತೆಂದರೆ ಚೈನು ಬದಲಿಸಬೇಕು, ಇಲ್ಲದಿದ್ದರೆ ಅದು ಹಲ್ಲುಚಕ್ರವನ್ನೂ ತಿಂದು ಹಾಕುತ್ತದೆ.

ಹಿಂದಿನ ಹಬ್ಬಿಗೆ ಕಾಲಿಂಚಿನ ಬೇರಿಂಗ್ ಗುಂಡು, ಒಂದೊಂದು ಕಡೆಗೆ ಒಂಬತ್ತು. ಮುಂದಿನದಕ್ಕೆ ಸಣ್ಣವು, ಹತ್ತು ಹತ್ತು. ಪೆಡಲಿನ ಅಚ್ಚಿಗೆ ಹನ್ನೊಂದು ಹನ್ನೊಂದು. ಬಟ್ಟಲಿಗೆ ಗ್ರೀಸು ಮೆತ್ತಿ ಒಂದೊಂದಾಗಿ ಕೂರಿಸುವಾಗ ಕೊನೆಗೆ ಇನ್ನೊಂದು ಹಿಡಿಸುವಷ್ಟು ಸಂದಿ ಉಳಿದಂತೆ ಕಾಣುತ್ತದೆ. ಹೊಸಬರ ಕೈ ತಾನಾಗಿ ಅಲ್ಲಿ ಇನ್ನೊಂದನ್ನು ಒತ್ತಲು ಹೋಗುತ್ತದೆ. ಚಾಚಾ ಕೈ ತಡೆದು ಹೇಳಿದ್ದು ಇವತ್ತಿಗೂ ನನಗೆ ಪಾಠ: “ಅಣ್ಣಾ, ಇದು ಎಂಟು ಗಂಟೆಯ ಲೋಕಲ್ ಅಲ್ಲ. ಒಬ್ಬನ ಜಾಗ ಖಾಲಿ ಬಿಡಿ, ಆಗಲೇ ಉಳಿದವರು ತಿರುಗುತ್ತಾರೆ.”

ಎರಡನೆಯ ಸೈಕಲ್ ಸಿಕ್ಕಿದ್ದು ಕಲ್ಯಾಣ್‌ನಲ್ಲಿ, ದುರ್ಗಾಡಿ ಕೋಟೆಯ ಹತ್ತಿರದ ಗುಜರಿ ಅಂಗಡಿಯಲ್ಲಿ, ತೂಕದ ಲೆಕ್ಕಕ್ಕೆ. ಚಕ್ರವಿಲ್ಲ, ಸೀಟಿಲ್ಲ, ತುಕ್ಕು ಹಿಡಿದ ಚೌಕಟ್ಟು ಮತ್ತು ಫೋರ್ಕು ಮಾತ್ರ. ಹ್ಯಾಂಡಲ್ಲಿನ ಕೆಳಗಿನ ಹಿತ್ತಾಳೆಯ ಫಲಕ ಉಜ್ಜಿದಾಗ ‘ಹಿಂದ್’ ಎಂದು ಓದಲು ಬಂತು. ಮುಂಬಯಿಯೆಂದರೆ ಬಟ್ಟೆಗಿರಣಿ ಎಂದು ನಾವು ತಿಳಿದಿದ್ದೇವೆ. ಅದೇ ವರ್ಲಿಯಲ್ಲಿ ಸೈಕಲ್ ಕಾರ್ಖಾನೆಯೂ ಇತ್ತೆಂಬುದು ಇಲ್ಲಿನ ಹುಡುಗರಿಗೇ ಗೊತ್ತಿಲ್ಲ. ಹಿಂದ್ ಸೈಕಲ್ಸ್ ಅಲ್ಲಿಯದು. ನಷ್ಟಕ್ಕೆ ಬಿದ್ದ ಅದನ್ನೂ ಬಂಗಾಳದ ಸೆನ್-ರ‍್ಯಾಲೆಯನ್ನೂ ಕೇಂದ್ರ ಸರಕಾರ 1980ರಲ್ಲಿ ಒಂದೇ ಕಾಯಿದೆಯಿಂದ ರಾಷ್ಟ್ರೀಕರಿಸಿತು. ನಾನು ಈ ಚೌಕಟ್ಟು ಕೊಳ್ಳುವ ಹೊತ್ತಿಗೆ ಅಂಗಡಿಗಳಲ್ಲಿ ಹಿಂದ್‌ನ ಬಿಡಿಭಾಗ ಕೇಳಿದರೆ ನಗುತ್ತಿದ್ದರು.

ಕೇಳುವ ಅಗತ್ಯವೇ ಬೀಳಲಿಲ್ಲ. ಈ ಸೈಕಲ್ಲಿನಿಂದ ನನಗೆ ತಿಳಿದ ದೊಡ್ಡ ಸಂಗತಿ ಅದು. ಮದ್ರಾಸಿನ ಹರ್ಕ್ಯುಲಿಸ್, ಲುಧಿಯಾನಾದ ಹೀರೋ, ಸೋನಿಪತ್ತಿನ ಅಟ್ಲಾಸ್, ವರ್ಲಿಯ ಹಿಂದ್ ಒಂದಕ್ಕೊಂದು ಪೈಪೋಟಿಯ ಕಂಪನಿಗಳು. ಆದರೆ ಎಲ್ಲವೂ ನಕಲು ಮಾಡಿದ್ದು ಹಳೆಯ ಇಂಗ್ಲಿಷ್ ಸೈಕಲ್ಲಿನ ಅದೇ ಅಳತೆಯನ್ನು. ಅದೇ ಮರೆ, ಅದೇ ಬಟ್ಟಲು, ಅದೇ ಟಯರು, ಅರ್ಧ ಇಂಚಿನ ಅದೇ ಕೊಂಡಿಯ ಚೈನು. ಹರ್ಕ್ಯುಲಿಸ್‌ನಿಂದ ಬಿಚ್ಚಿದ ಅಚ್ಚು ಹಿಂದ್‌ನ ಹೊಟ್ಟೆಯೊಳಗೆ ತನ್ನದೇ ಮನೆಯೆಂಬಂತೆ ಕೂತಿತು. ಹೀರೋದ ಚಕ್ರ, ಯಾವುದೋ ಅಟ್ಲಾಸಿನ ಮಡಗಾರ್ಡು, ಚಾಚಾ ಕೊಟ್ಟ ಸೀಟು. ಕಂಪನಿ ಮುಚ್ಚಿದರೂ ಸೈಕಲ್ ಸಾಯಲಿಲ್ಲ, ಯಾಕೆಂದರೆ ಅದರ ಅಳತೆ ಯಾರ ಖಾಸಗಿ ಆಸ್ತಿಯೂ ಆಗಿರಲಿಲ್ಲ.

ಹಿಂದ್ ನನ್ನ ಭಾನುವಾರದ ಸೈಕಲ್ ಆಯಿತು. ಡೊಂಬಿವಲಿಯಲ್ಲಿ ಕನ್ನಡಿಗರಿಗೆ ಬರವಿಲ್ಲ: ಹೋಟೆಲಿನ ಉಡುಪಿಯವರು, ಬ್ಯಾಂಕಿನ ಧಾರವಾಡದವರು, ಗಿರಣಿ–ಕಾರ್ಖಾನೆಯ ಕಲಬುರಗಿಯವರು. ನಾಲ್ಕಾರು ಜನ ಕೂಡಿ ಬೆಳಿಗ್ಗೆ ಬೇಗ ಹೊರಟು, ಉಲ್ಹಾಸನಗರದ ಮೇಲಿಂದ ಅಂಬರನಾಥದ ಶಿವಾಲಯಕ್ಕೆ ಹೋಗುವ ರೂಢಿ ಬಿತ್ತು. ಮೈತುಂಬ ಕೆತ್ತನೆಯ ಕಪ್ಪು ಕಲ್ಲಿನ ಗುಡಿ. ಅಲ್ಲಿಯ ಶಾಸನದ ಕಾಲ ಶಕ 982, ಅಂದರೆ 1060. ಕಟ್ಟಿಸಿದವರು ಉತ್ತರ ಕೊಂಕಣದ ಶಿಲಾಹಾರರು. ಗುಂಪಿನಲ್ಲಿದ್ದ ಸೇಡಮ್ಮಿನ ಗೆಳೆಯರೊಬ್ಬರಿಗೆ ಆ ಗುಡಿಯ ಮೆಟ್ಟಿಲ ಮೇಲೆ ಕೂತೊಡನೆ ಒಂದೇ ಮಾತು. “ಈ ಶಿಲಾಹಾರ ಮಂದಿ ಮೊದಲ ಯಾರ ಸಾಮಂತರ್ರೀ? ನಮ್ಮ ಮಳಖೇಡದ ರಾಷ್ಟ್ರಕೂಟರ ಸಾಮಂತರು. ಲೆಕ್ಕಾ ಹಾಕಿದ್ರ ನಾವು ಪರಊರಿಗೆ ಬಂದೇ ಇಲ್ಲ.” ಇತಿಹಾಸ ಅವರ ಪರವಾಗಿಯೇ ಇದ್ದುದರಿಂದ ಚಹಾದ ದುಡ್ಡನ್ನೂ ಅವರೇ ಕೊಡಬೇಕೆಂದು ನಾವು ತೀರ್ಮಾನಿಸುತ್ತಿದ್ದೆವು.

ಮಗಳ ಲೇಡಿಬರ್ಡ್ ಮನೆಗೆ ಬಂದದ್ದು ಅವಳು ಕ್ಲಾಸಿಗೆ ಹೋಗುವ ವಯಸ್ಸಿಗೆ. ಅವಳು ಓದಿ ಬೆಂಗಳೂರಿಗೆ ಹೋದ ಮೇಲೆ ಬುಟ್ಟಿಯ ಆ ಸೈಕಲ್ಲಿಗೆ ನನ್ನ ಹೆಂಡತಿ ವಾರಸುದಾರಳಾದಳು. ಸೀರೆ ಸೆರಗು ಸಿಕ್ಕಿಸಿ ಭಾಜಿ ಮಾರ್ಕೆಟ್ಟಿಗೆ ಹೋಗಿ ಬರುವುದು ಅವಳಿಗೆ ಸಲೀಸು. ನನ್ನ ಸೈಕಲ್ಲುಗಳಲ್ಲಿ ದಿನಾ ತಪ್ಪದೆ ಓಡುವುದು ಇದೊಂದೇ ಎಂದು ಅವಳು ಆಗಾಗ ನೆನಪಿಸುತ್ತಾಳೆ. ಸುಳ್ಳಲ್ಲ.

ಗೇರಿನ ಸೈಕಲ್ ಕೊಂಡದ್ದು ಗುಡ್ಡದ ಸಲುವಾಗಿ. ಅಲ್ಯೂಮಿನಿಯಂ ಚೌಕಟ್ಟು, ಎತ್ತಿದರೆ ಹಗುರ, ಕೈಯಳತೆಯಲ್ಲೇ ಬ್ರೇಕು. ಎಲ್ಲಕ್ಕಿಂತ ಸಣ್ಣ ಗೇರಿಗೆ ಹಾಕಿದರೆ ಪೆಡಲಿನ ಒಂದು ಸುತ್ತಿಗೆ ಎರಡು ಮೀಟರಿನಷ್ಟೇ ಓಟ. ಹರ್ಕ್ಯುಲಿಸ್‌ನಿಂದ ಇಳಿದು ತಳ್ಳುತ್ತಿದ್ದ ಶಿಳ್‌ನ ಏರನ್ನು ಕೂತೇ ಹತ್ತಿದ ದಿನ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ನಿಗೂ ಹೇಳಿದೆ. ಅದೇ ಧೈರ್ಯದಲ್ಲಿ ಥಾಣೆಯ ಉಪವನ ಕೆರೆಯಿಂದ ಯೇವೂರು ಗುಡ್ಡಕ್ಕೂ ಹೋದೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನ ಆ ರಸ್ತೆ ಥಾಣೆಯ ಸೈಕಲ್ ಹುಡುಗರ ಪರೀಕ್ಷೆಯ ಮೈದಾನ. ಮಳೆಗಾಲದ ಬೆಳಿಗ್ಗೆ ಬಣ್ಣಬಣ್ಣದ ಅಂಗಿಯವರು ಸಾಲುಗಟ್ಟಿ ಏರುತ್ತಿರುತ್ತಾರೆ. ಅವರ ನಡುವೆ ಹಾಲಿನ ಕ್ಯಾನು ತೂಗುಹಾಕಿದ ಹಳೇ ಅಟ್ಲಾಸಿನವನೊಬ್ಬ ಯಾರ ಕಡೆಗೂ ನೋಡದೆ ಹತ್ತುತ್ತಾನೆ.

ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಏರಿಲ್ಲ, ಗಾಳಿಯಿದೆ. ವಾಶಿಯಿಂದ ಬೇಲಾಪುರದ ಕಡೆಗೆ ಹತ್ತು ಕಿಲೋಮೀಟರಿನ ಆಸುಪಾಸು ನೇರ ದಾರಿ. ಖಾಡಿಯ ಕಡೆಯಿಂದ ಗಾಳಿ ಎದುರಾದರೆ ಸಪಾಟು ರಸ್ತೆಯೂ ಗುಡ್ಡವೇ. ಚಳಿಗಾಲ ಕಳೆಯುವ ಹೊತ್ತಿಗೆ ಸೀವುಡ್ಸ್ ಕಡೆಯ ಕೆಸರುನೀರಿನಲ್ಲಿ ಫ್ಲೆಮಿಂಗೊಗಳು ಗುಂಪುಗುಂಪಾಗಿ ನಿಂತಿರುತ್ತವೆ. ಥಾಣೆ ಖಾಡಿಯ ಒಂದು ಭಾಗವನ್ನು 2015ರಲ್ಲಿ ಅವುಗಳ ಅಭಯಧಾಮವೆಂದು ಘೋಷಿಸಿದರು. ಸೈಕಲ್ ನಿಲ್ಲಿಸಿ ನೋಡುವವರಿಗೆ ಹಕ್ಕಿ ಹೆದರುವುದಿಲ್ಲ. ಕಾರಿನ ಬಾಗಿಲು ದಬ್ಬೆಂದರೆ ಒಮ್ಮೆಲೇ ಕೊರಳು ಎತ್ತುತ್ತವೆ. ಅಲ್ಲಿಯೇ 2018ರ ಕೊನೆಗೆ ಬಾಡಿಗೆ ಸೈಕಲ್ಲುಗಳೂ ಬಂದವು, ಬೆಂಗಳೂರಿನ ಯುಲು ಕಂಪನಿಯವು. ಮೊಬೈಲಿನಲ್ಲಿ ಬೀಗ ತೆಗೆದು ಹತ್ತುವ ಹುಡುಗರನ್ನು ನೋಡಿದಾಗ ಜಮಖಂಡಿಯಲ್ಲಿ ಗಂಟೆಯ ಲೆಕ್ಕಕ್ಕೆ ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿಕಾರರ ನೆನಪಾಯಿತು. ಅವರಲ್ಲಿ ಬೀಗ ಇರಲಿಲ್ಲ. ಯಾರ ಮಗ, ಯಾವ ಓಣಿ ಎಂಬುದು ನೋಟುಪುಸ್ತಕದಲ್ಲಿ ಇರುತ್ತಿತ್ತು. ಇಂಥ ಸಾರ್ವಜನಿಕ ಸೈಕಲ್ ವ್ಯವಸ್ಥೆ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಹೆಸರಲ್ಲಿ 2017ರಲ್ಲೇ ಶುರುವಾಗಿತ್ತೆಂದು ಇಲ್ಲಿಯ ಗೆಳೆಯರಿಗೆ ಹೇಳಿ ಸ್ವಲ್ಪ ಮೀಸೆ ತಿರುವಿಕೊಂಡದ್ದೂ ಉಂಟು.

ಆ ಗೇರಿನ ಸೈಕಲ್ ಶಿಳ್ ಫಾಟಾದ ಹತ್ತಿರ ಒಂದು ಸಂಜೆ ಕೈಕೊಟ್ಟಿತು. ಹಿಂದಿನ ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ಒಂದು ಪುಟ್ಟ ಲೋಹದ ತುಂಡು ಹೊಂಡಕ್ಕೆ ಬಿದ್ದ ಹೊಡೆತದಲ್ಲಿ ಮುರಿಯಿತು. ಚೈನು ನೇತಾಡಿತು. ಚೌಕಟ್ಟು ಉಳಿಯಲೆಂದು ಬೇಕೆಂದೇ ಮೆದುವಾಗಿ ಮಾಡಿರುವ ತುಂಡು ಅದು. ಆದರೆ ಒಂದೊಂದು ಮಾದರಿಯ ಸೈಕಲ್ಲಿಗೆ ಒಂದೊಂದು ಆಕಾರ. ಒಂದರದು ಇನ್ನೊಂದಕ್ಕೆ ಆಗದು. ಲಾರಿ ಟಯರುಗಳ ನಡುವೆ ಕೂತಿದ್ದ ಪಂಕ್ಚರಿನ ಹುಡುಗ ಅದನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿದ. ಅವನ ಹತ್ತಿರ ಆ ತುಂಡು ಇರುವುದು ಸಾಧ್ಯವಿರಲಿಲ್ಲ. “ಸಿಂಗಲ್ ಮಾಡಿಕೊಡ್ತೀನಿ ಅಂಕಲ್” ಎಂದ. ಡಿರೇಲರ್ ಕಳಚಿ ಚೀಲಕ್ಕೆ ಹಾಕಿದ, ಚೈನಿನ ಕೊಂಡಿ ತೆಗೆದು ಮೋಟು ಮಾಡಿದ, ಹಿಂದಿನ ಹಲ್ಲುಚಕ್ರಗಳಲ್ಲಿ ಚೈನು ಬಿಗಿಯಾಗಿ ಕೂರುವುದು ಯಾವುದರ ಮೇಲೆಂದು ಒಂದೊಂದನ್ನೇ ಹಾಕಿ ನೋಡಿದ. ಇಪ್ಪತ್ತೊಂದು ಗೇರಿನ ಸೈಕಲ್ ಒಂದೇ ಗೇರಿನದಾಗಿ ಮನೆ ಸೇರಿತು. ಮುರಿದ ತುಂಡಿನ ಬದಲಿ ಬರಲು ವಾರಗಳೇ ಹಿಡಿದವು.

ಗೇರಿನ ಸೈಕಲ್ಲು ಕೆಟ್ಟದ್ದೆಂದು ನನ್ನ ವಾದವಲ್ಲ. ಗುಡ್ಡ ಹತ್ತಿಸಿದ್ದು ಅದೇ. ಆದರೆ ಅದರ ಟ್ಯೂಬಿನ ಸಣ್ಣ ಮೂತಿಗೆ ರಸ್ತೆಬದಿಯ ಪಂಪು ಹಿಡಿಸದು. ಜೇಬಿನಲ್ಲಿ ಹಿತ್ತಾಳೆಯ ಟೋಪಿಯೊಂದನ್ನು ಇಟ್ಟುಕೊಂಡೇ ತಿರುಗಬೇಕು. ಅದರ ಚಕ್ರಕ್ಕೂ ಹರ್ಕ್ಯುಲಿಸ್‌ನ ಚಕ್ರಕ್ಕೂ ಬಾಯಿಮಾತಿನಲ್ಲಿ ಇಪ್ಪತ್ತೆಂಟು ಇಂಚು ಎಂದೇ ಹೆಸರು, ನಿಜದಲ್ಲಿ ರಿಮ್ಮಿನ ಅಳತೆ ಒಂದರದು 622 ಮಿಲಿಮೀಟರ್, ಇನ್ನೊಂದರದು 635. ಹದಿಮೂರು ಮಿಲಿಮೀಟರಿನ ಈ ಅಂತರದಲ್ಲಿ ಹಳ್ಳಿಯ ಟಯರು ಅಂಗಡಿಯೂ ನಾನೂ ಬೇರೆ ಬೇರೆ ದೇಶದವರಾಗಿಬಿಡುತ್ತೇವೆ. ಸೈಕಲ್ಲಿನ ಗುಣವನ್ನು ತೂಕದಿಂದ, ಗೇರಿನಿಂದ ಅಳೆಯುವುದನ್ನು ನಾನು ಆಗ ಬಿಟ್ಟೆ. ಕೆಟ್ಟ ಜಾಗದಿಂದ ಅದನ್ನು ಎಬ್ಬಿಸಬಲ್ಲ ಮನುಷ್ಯ ಎಷ್ಟು ಹತ್ತಿರ ಇದ್ದಾನೆ ಎಂಬುದೇ ಅಳತೆ.

ಈ ಅಳತೆಗೆ ಪರೀಕ್ಷೆ ಬಂದದ್ದು 2020ರಲ್ಲಿ, ಕೊರೊನಾ ಕಾಲದಲ್ಲಿ. ಮಾರ್ಚ್ 22ರ ರಾತ್ರಿಯಿಂದ ಲೋಕಲ್ ರೈಲುಗಳು ನಿಂತವು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ; ಎಲ್ಲರಿಗೂ ಬಾಗಿಲು ತೆರೆದದ್ದು ಮರುವರ್ಷ ಫೆಬ್ರವರಿಯಲ್ಲಿ, ಅದೂ ಹೊತ್ತಿನ ಕಟ್ಟಳೆಯೊಂದಿಗೆ. ಹಳಿಯ ಮೇಲೆ ಬದುಕು ಕಟ್ಟಿಕೊಂಡ ಡೊಂಬಿವಲಿಗೆ ಒಮ್ಮೆಲೇ ಕಾಲು ಮುರಿದಂತಾಯಿತು. ಚಾಚಾ ಮೇ ತಿಂಗಳಲ್ಲಿ ಶ್ರಮಿಕ ರೈಲು ಹಿಡಿದು ಊರಿಗೆ ಹೊರಟರು. ಹೋಗುವ ಮುಂಚೆ ತಗಡಿನ ಪೆಟ್ಟಿಗೆ ನಮ್ಮ ಬಾಲ್ಕನಿಗೆ ತಂದಿಟ್ಟು, “ಬೀಗ ಹಾಕಿಲ್ಲ ಅಣ್ಣಾ, ಕೆಲಸಕ್ಕೆ ಬೇಕಾದೀತು” ಎಂದರು.

ಬೇಕಾಯಿತು. ನಮ್ಮ ಕಟ್ಟಡದ ಒಬ್ಬರು ಥಾಣೆಯ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಕೆಲಸದವರು. ಶಿಳ್, ಮುಂಬ್ರಾ, ಕಳವಾ ಮಾರ್ಗವಾಗಿ ಅವರು ಹರ್ಕ್ಯುಲಿಸ್ ತುಳಿದು ಡ್ಯೂಟಿಗೆ ಹೋದರು. ಹಿಂದ್ ಒಬ್ಬ ಔಷಧಿ ಅಂಗಡಿಯ ಹುಡುಗನ ಪಾಲಾಯಿತು. ಜಿನೆಯ ಕೆಳಗೆ ವರ್ಷಗಟ್ಟಲೆ ಧೂಳು ತಿಂದು ಮಲಗಿದ್ದ ಯಾರ್ಯಾರದೋ ಸೈಕಲ್ಲುಗಳು ಒಂದೊಂದಾಗಿ ಎದ್ದು ನಮ್ಮ ಬಾಗಿಲಿಗೆ ಬಂದವು. ಅಂಗಡಿ ಮುಚ್ಚಿ, ಬಿಡಿಭಾಗ ಬರುವುದು ನಿಂತಿತ್ತು. ಒಂದರ ಕಾಟರ್ ಇನ್ನೊಂದಕ್ಕೆ, ಒಂದರ ಚೈನು ಮತ್ತೊಂದಕ್ಕೆ ಹಾಕಿ ಓಡಿಸಿದೆವು. ಹಳೇ ಅಳತೆಯ ಸೈಕಲ್ಲುಗಳೆಲ್ಲ ಒಂದೇ ಕುಟುಂಬದವಾಗಿ ನಡೆದುಕೊಂಡವು. ಗೇರಿನವು ಟ್ಯೂಬಿಗಾಗಿ ಕಾಯುತ್ತ ಗೋಡೆಗೆ ಒರಗಿದವು. ಅದೇ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ದೆಹಲಿ ಪಕ್ಕದ ಸಾಹಿಬಾಬಾದ್‌ನಲ್ಲಿ ಅಟ್ಲಾಸ್ ಕಾರ್ಖಾನೆ ಕೆಲಸ ನಿಲ್ಲಿಸಿದ ಸುದ್ದಿ ಪತ್ರಿಕೆಯಲ್ಲಿ ಓದಿದೆ. 1951ರಲ್ಲಿ ಶುರುವಾದ ಕಂಪನಿ. ಓದುವಾಗ ನನ್ನ ಕೈಯಲ್ಲಿದ್ದದ್ದು ಅಟ್ಲಾಸಿನದೇ ಒಂದು ಹಿಂದಿನ ಹಬ್ಬು. ಒಂಬತ್ತು ಗುಂಡು ಹಾಕಿ, ಒಂದರ ಜಾಗ ಬಿಟ್ಟು, ಮುಚ್ಚಿದೆ.

ಚಾಚಾ ಮರಳಿ ಬರಲಿಲ್ಲ. ವಯಸ್ಸಾಯಿತು, ಊರಲ್ಲೇ ಉಳಿಯುತ್ತೇನೆಂದರು. ಅವರ ಅಣ್ಣನ ಮಗ ಬಂದು ಪೆಟ್ಟಿಗೆ ಒಯ್ದ. ಅರಳಿಮರದ ಬುಡಕ್ಕೆ ಅಷ್ಟರಲ್ಲಿ ಹೊಸ ಕಲ್ಲು ಹಾಸಿ, ಕಂಬಿ ನಿಲ್ಲಿಸಿ ಚೊಕ್ಕ ಮಾಡಿದ್ದರು. ಈಗ ಅಲ್ಲಿ ಮೋಟಾರ್ ಬೈಕುಗಳು ನಿಲ್ಲುತ್ತವೆ. ಹುಡುಗ ಕೆಲ ತಿಂಗಳು ಒಂದು ಗೋಡೆಯ ಮಗ್ಗುಲಿಂದ ಇನ್ನೊಂದಕ್ಕೆ ಪೆಟ್ಟಿಗೆ ಎತ್ತಿಡುತ್ತ ತಿರುಗಿ, ಕೊನೆಗೆ ಮನೆಮನೆಗೆ ಪಾರ್ಸಲ್ ಮುಟ್ಟಿಸುವ ಕೆಲಸ ಹಿಡಿದ. ಕೈಯಲ್ಲಿ ಕಸುಬಿತ್ತು, ಕೂರಲು ನೆಲವಿರಲಿಲ್ಲ.

ಸೈಕಲ್ ಪಥದ ಮಾತು ಈಗ ಇಲ್ಲಿನ ಊರುಗಳಲ್ಲೆಲ್ಲ ಕೇಳಿಬರುತ್ತದೆ. ಬಣ್ಣ ಬಳಿದ ಪಟ್ಟಿ ಬರಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಸ್ಟೇಶನ್ನಿನ ಹತ್ತಿರ, ಶಿಳ್ ಫಾಟಾದಂಥ ಕೂಡುರಸ್ತೆಯಲ್ಲಿ, ಏರು ಶುರುವಾಗುವಲ್ಲಿ, ಒಂದು ಪೆಟ್ಟಿಗೆ, ಒಂದು ಬೋಗುಣಿ ನೀರು, ಒಂದು ಪಂಪು ಹಿಡಿಸುವಷ್ಟು ನೆಲವನ್ನು ಎಬ್ಬಿಸುವ ಭಯವಿಲ್ಲದಂತೆ ಮೇಸ್ತ್ರಿಗೆ ಬಿಟ್ಟುಕೊಡಲಿ. ಸೈಕಲ್ ಕೊಳ್ಳುವ ಹುಡುಗರು ಸಲಹೆ ಕೇಳಲು ಬಂದರೆ ಗೇರೆಷ್ಟು ಎಂದು ನಾನು ವಿಚಾರಿಸುವುದಿಲ್ಲ. ನಿಮ್ಮ ದಾರಿಯಲ್ಲಿ ರಿಪೇರಿಯವರು ಎಲ್ಲಿ ಕೂರುತ್ತಾರೆ, ಮೊದಲು ನೋಡಿಕೊಂಡು ಬನ್ನಿ ಎನ್ನುತ್ತೇನೆ. ಪಥವಿಲ್ಲದೆ ನಾನು ಒಂದು ಆಯುಷ್ಯದ ನೌಕರಿ ತುಳಿದು ಮುಗಿಸಿದೆ. ಚಾಚಾ ಇಲ್ಲದೆ ಒಂದು ಮಳೆಗಾಲ ದಾಟುವುದೂ ಆಗುತ್ತಿರಲಿಲ್ಲ.